ಮುನಿವೆಂಕಟಮ್ಮನ ಅಳತೆದಾರ

ಬೆಳಗಿನ ಆರೂವರೆ. ಸಾರಕ್ಕಿಯಿಂದ ನಡೆದು ಬಂದ ಆಯಾ ಮುನಿವೆಂಕಟಮ್ಮ ಜಯನಗರದ ಲೇಡಿ ಡಾಕ್ಟರ ಕ್ಲಿನಿಕ್ಕಿನ ನೆಲ ಒರೆಸಿ, ಮೇಜಿನ ಖಾನೆ ಎಳೆಯುತ್ತಾರೆ. ಅದರಲ್ಲಿ ನಲವತ್ತು ನೂಲಿನ ದಾರಗಳಿವೆ. ಒಂದೊಂದೂ ಒಬ್ಬೊಬ್ಬ ಹೆಂಗಸಿನ ಸೊಂಟದ ಸುತ್ತಳತೆ. ತುದಿಗೆ ಕಟ್ಟಿದ ಅವರದೇ ಹಳೆಯ ಸೀರೆಯ ಚೂರೇ ಗುರುತು. ಮುನಿವೆಂಕಟಮ್ಮನಿಗೆ ಅಕ್ಷರ ಬಾರದು, ಸೀರೆ ಮರೆಯದು.

ಮುಟ್ಟು ನಿಂತ ಹೆಂಗಸರಿಗೆ ಮೈ ಧಗೆ, ಬೆವರು, ನಿದ್ದೆಗೇಡು. ಈಚೆಗೆ ಅದಕ್ಕೊಂದು ಹಾರ್ಮೋನ್ ಮಾತ್ರೆ ಬಂದಿದೆ. ಹಿಂದೆಯೇ ಪುಕಾರೂ ಬಂದಿದೆ: ನುಂಗಿದರೆ ಹೊಟ್ಟೆ ಬರುತ್ತದಂತೆ. ಆ ವಯಸ್ಸಿಗೆ ಉಂಡದ್ದು ಮೊದಲಿನಂತೆ ಕರಗುವುದಿಲ್ಲ, ಮಾತ್ರೆ ನುಂಗದಿದ್ದರೂ ಕೊಬ್ಬು ಸೊಂಟಕ್ಕೇ ಸೇರುತ್ತದೆ ಎಂದು ಡಾಕ್ಟರಮ್ಮ ಹೇಳಿದರೆ ಕೇಳುವವರು ಯಾರು?

"ಇಂಚು ಗಿಂಚು ಅಂದ್ರೆ ನಂಬಲ್ಲ ಸಾ. ಮಾತ್ರೆ ಶುರು ಮಾಡ್ದಾಗ ಅಳ್ದಿಟ್ಟ ದಾರಾನೇ ಸುತ್ತಿ, ನೋಡಮ್ಮ ಅಷ್ಟೇ ಐತೆ ಅಂದ್ರೆ ನಂಬ್ತಾರೆ," ಎನ್ನುತ್ತಾರೆ ಮುನಿವೆಂಕಟಮ್ಮ.

ಗಂಡ ತೀರಿಕೊಂಡ ಮೇಲೆ ಸೊಪ್ಪು ಮಾರಿದವರು, ಒಂಬತ್ತು ವರ್ಷದಿಂದ ಇಲ್ಲಿದ್ದಾರೆ. ದಿನಕ್ಕೆ ಮೂವತ್ತು ಹೆಂಗಸರು ಇವರ ಕೈಯಿಂದಲೇ ಒಳಗೆ ಹೋಗುತ್ತಾರೆ. ತಮಗೇ ಮುಟ್ಟು ನಿಂತಾಗ ಏನು ಮಾಡಿದಿರಿ ಎಂದು ನಾನು ಕೇಳಿದರೆ, "ತಣ್ಣೀರು ಸುರ್ಕೊಂಡು ಕೂತ್ಕೋತಿದ್ದೆ" ಎಂದು ನಗುತ್ತಾರೆ.

ಹೋದ ಆಷಾಢದಲ್ಲಿ ನಾಲ್ಕನೇ ಬ್ಲಾಕಿನ ಸೀತಾಲಕ್ಷ್ಮಿಯವರ ಸೊಂಟಕ್ಕೆ ದಾರ ಎರಡು ಬೆರಳು ಸಾಲದೆ ಬಂತು. ಮಾತ್ರೆ ಶುರುವಾದ ಮೇಲಷ್ಟೇ ನೆಮ್ಮದಿಯಾಗಿ ಮಲಗುತ್ತಿದ್ದ ಆಕೆ ಅತ್ತೇಬಿಟ್ಟರು. "ಹೊಟ್ಟೆ ಬಂದ್ರೆ ಮಾತ್ರೆ ನಿಲ್ಲಿಸೋದೇ" ಎಂದು ಜೊತೆಗೆ ಬಂದಿದ್ದ ಅವರ ಗಂಡ ಶಾಮಣ್ಣನವರು ಮೊದಲೇ ಹೇಳಿದ್ದರು.

ಆದರೆ ಮುಂದಿನ ಇಬ್ಬರಿಗೂ ದಾರ ಸಾಲಲಿಲ್ಲ. "ಮೂರು ಜನಕ್ಕೂ ಒಂದೇ ಬೆಳಗ್ಗೆ ಹೊಟ್ಟೆ ಬರ್ತೈತಾ?" ಮುನಿವೆಂಕಟಮ್ಮ ಖಾನೆ ತಡಕಿದರು. ಹಿಂದಿನ ವಾರ ತಾವೇ ಮೇಜಿನ ಮೇಲಿಟ್ಟಿದ್ದ ಹೂಜಿ ಸೋರಿ, ದಾರಗಳೆಲ್ಲ ನೆಂದು, ಒಣಗಿ, ಕುಗ್ಗಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಸುಲಭ. ನೋಡಿದರೆ ತನ್ನದೇ ತಪ್ಪು ಹೊರಬಿದ್ದು ಕೆಲಸಕ್ಕೆ ಸಂಚಕಾರ ಬರುವಂತಿದ್ದರೆ ಕಷ್ಟ. ಆದರೂ ಮಾತ್ರೆ ಸಾಕೆಂದು ಮನೆಗೆ ಹೊರಟಿದ್ದ ಸೀತಾಲಕ್ಷ್ಮಿ ದಂಪತಿಯನ್ನು ನಿಲ್ಲಿಸಿಕೊಂಡು, ಡಾಕ್ಟರಮ್ಮ ಬಂದೊಡನೆ ಎಲ್ಲವನ್ನೂ ಹೇಳಿದರು.

ಡಾಕ್ಟರಮ್ಮ ಸೀತಾಲಕ್ಷ್ಮಿಯವರ ಸೊಂಟಕ್ಕೆ ಟೇಪು ಹಿಡಿದರು. ಮಾತ್ರೆ ಶುರುವಾದಾಗ ಪುಸ್ತಕದಲ್ಲಿ ಬರೆದಿಟ್ಟದ್ದು ಮೂವತ್ತನಾಲ್ಕು ಇಂಚು, ಈಗಲೂ ಮೂವತ್ತನಾಲ್ಕೇ. "ಎಲ್ಲರಿಗೂ ಹೀಗೇ ಅಂತ ಹೇಳಕ್ಕಾಗಲ್ಲ. ನಿಮಗಂತೂ ಮಾತ್ರೆಯಿಂದ ಹೊಟ್ಟೆ ಬಂದಿಲ್ಲ," ಎಂದರು. ಸೀತಾಲಕ್ಷ್ಮಿಯವರಿಗೆ ಹೋದ ಜೀವ ಬಂದಂತಾಯಿತು. ಕತೆ ಕೇಳುತ್ತಿದ್ದ ನಾನೂ ಉಸಿರು ಬಿಟ್ಟೆ.

ಮುನಿವೆಂಕಟಮ್ಮನಿಗೆ ಬೈಗುಳ ಸಿಕ್ಕಿತು, ಚೆನ್ನಾಗಿಯೇ. ಕೆಲಸ ಉಳಿಯಿತು. ಈಗ ಹೊಸ ದಾರವನ್ನು ಮೊದಲೇ ನೆನೆಸಿ, ಒಣಗಿಸಿ, ಆಮೇಲೆ ಅಳೆಯುತ್ತಾರೆ.

"ಸುಮ್ನಿದ್ದಿದ್ರೆ ನಂಗೇನೂ ಆಗ್ತಿರ್ಲಿಲ್ಲ ಸಾ," ಎನ್ನುತ್ತಾರೆ ಮುನಿವೆಂಕಟಮ್ಮ. "ಆಯಮ್ಮ ನಿದ್ದೆಗೆಟ್ಟು ಕೂತಿರೋರು. ಹೇಳ್ಬಿಟ್ಟೆ. ಅವತ್ತು ಇಬ್ರೂ ನಿದ್ದೆ ಮಾಡಿದ್ವಿ."