ದೇವನಹಳ್ಳಿಗೆ ಐದು, ಫ್ರಾಂಕ್‌ಫರ್ಟಿಗೆ ಐದೂವರೆ

ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಸೈರನ್ ಕೂಗಿದರೆ ಇಡೀ ಕಾಲೊನಿ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಹಾಗಾಗಿ ಸಮಯದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಜಾಸ್ತಿಯೇ. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ನನ್ನ ಕೆಲಸವೂ ಅದೇ: ತಂಪಾಗಿಯೇ ತಲುಪಬೇಕಾದ ಪೆಟ್ಟಿಗೆ ದಾರಿಯಲ್ಲಿ ಎಷ್ಟು ಗಂಟೆ ಇರುತ್ತದೆಂದು ಚೀಟಿಯಲ್ಲಿ ಬರೆಯುವುದು. ಆ ಚೀಟಿ ನೋಡಿ, ಅಷ್ಟು ಗಂಟೆಗೆ ಬೇಕಾದ ಐಸ್ ತುಂಬಿ ಸಹಿ ಹಾಕುತ್ತಿದ್ದವರು ಚಂದಾಪುರದಿಂದ ಬರುತ್ತಿದ್ದ ಒಬ್ಬ ಅಕ್ಕ. ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಗುತ್ತಿಗೆಯಲ್ಲಿದ್ದವರು. ಆ ತಿಂಗಳು ಕಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಸಿಹಿ ಹಂಚುವುದೊಂದೇ ಬಾಕಿ.

ಫ್ರಾಂಕ್‌ಫರ್ಟಿಗೆ ಅದು ನಮ್ಮ ಮೊದಲ ಪೆಟ್ಟಿಗೆ. ಏಳು ಸಾವಿರ ಚಿಲ್ಲರೆ ಕಿಲೋಮೀಟರ್ ದೂರ. ವಿಮಾನ ಇಲ್ಲಿಂದ ಮೂರಕ್ಕೆ ಹೊರಟು ಅಲ್ಲಿ ಎಂಟೂವರೆಗೆ ಇಳಿಯುತ್ತದೆಂದು ಕಾಗದದಲ್ಲಿತ್ತು. ಎಂಟೂವರೆಯಲ್ಲಿ ಮೂರು ಕಳೆದೆ. ಹೊಸೂರು ರಸ್ತೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ ಎಲ್ಲ ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಲು ಮಾತ್ರ ಧಾರಾಳವಾಗಿ ಐದು ಗಂಟೆ ಕೊಟ್ಟೆ.

ಚೀಟಿ ನೋಡಿದ ಅಕ್ಕ ಐಸ್ ಮುಟ್ಟಲಿಲ್ಲ. "ದೇವನಹಳ್ಳಿಗೆ ಐದು ಗಂಟೆ, ಜರ್ಮನಿಗೂ ಐದೂವರೇನಾ ತಮ್ಮಾ?"

"ಬಸ್ಸಲ್ಲ ಅಕ್ಕ ಅದು, ವಿಮಾನ. ಸಹಿ ಹಾಕಿ, ಗಾಡಿ ಕಾಯ್ತಿದೆ," ಎಂದು ಗದರಿದೆ. ವಿಮಾನದ ಮೆಟ್ಟಿಲು ಕಂಡವರಲ್ಲ, ನನಗೆ ಲೆಕ್ಕ ಹೇಳಿಕೊಡಲು ಬಂದರಲ್ಲ ಎಂದು ಒಳಗೊಳಗೇ ಉರಿಯಿತು. ನಾನೂ ಕಂಡಿರಲಿಲ್ಲ, ಆ ಮಾತು ಬೇರೆ. ಅಕ್ಕ ಚೀಟಿಯಲ್ಲಿದ್ದಷ್ಟೇ ಐಸ್ ತುಂಬಿ ಸಹಿ ಹಾಕಿದರು.

ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಹಾರಾಟ ಪೂರಾ ಹತ್ತು ಗಂಟೆ. ಇದನ್ನೆಲ್ಲ ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಐಸ್ ದಾರಿಯಲ್ಲೇ ಕರಗಿತು. ಅಷ್ಟೂ ಔಷಧಿಯನ್ನು ಅಲ್ಲಿಯವರು ಬಿಸಾಡಿದರು.

ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದರು. ಅವರು ಕೇಳುವ ಮೊದಲೇ ಲೆಕ್ಕ ತಪ್ಪು ಮಾಡಿದ್ದು ನಾನೇ ಎಂದು ಒಪ್ಪಿಕೊಂಡೆ. ಇಷ್ಟು ನೇರವಾಗಿ ಹೇಳುವವರು ಈ ಕಾಲದಲ್ಲಿ ಯಾರಿದ್ದಾರೆ ಎಂದರು. ನನಗೆ ಎದೆ ಉಬ್ಬಿತು. ಆಮೇಲೆ ಅಕ್ಕನ ಕಡೆ ತಿರುಗಿ, ಇಷ್ಟು ವರ್ಷದ ಅನುಭವವಿದ್ದೂ ಒಂದು ಅನುಮಾನ ಬರಲಿಲ್ಲವೇ, ನೋಡದೆ ಸಹಿ ಹಾಕುವುದೇ ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದರು. ಇವರು ಕೇಳಿದ್ದರು, ನಾನೇ ಬಾಯಿ ಮುಚ್ಚಿಸಿದೆ ಎನ್ನಬೇಕಿತ್ತು. ಆಗಷ್ಟೇ ಸಿಕ್ಕ ಹೊಗಳಿಕೆ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಾಚಿಕೆಗೇಡು.

ನನಗೊಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ಪಟ್ಟಿಯಿಂದ ಅಕ್ಕನ ಹೆಸರು ಹೋಯಿತು. ಈಗಲೂ ಅದೇ ಜಾಗದಲ್ಲಿ, ಗುತ್ತಿಗೆಯಲ್ಲೇ, ಐಸ್ ತುಂಬುತ್ತಾರೆ. ನಾನು ಚೀಟಿಯಲ್ಲಿ ಎರಡೂ ಊರಿನ ಸಮಯ ಬರೆದು, ಲೆಕ್ಕ ಸರಿಯಿದೆಯೇ ನೋಡಿ ಅಕ್ಕ ಎಂದು ದಿನಾ ಅವರ ಮುಂದೆ ನಿಲ್ಲುತ್ತೇನೆ. ಅವರು ಓದದೆ ಸಹಿ ಹಾಕಿ ವಾಪಸ್ ಕೊಡುತ್ತಾರೆ.

"ನೀವು ಬರೆದ್ಮೇಲೆ ಸರಿಯಾಗೇ ಇರುತ್ತೆ, ಸಾರ್."