ಒಂದೇ ಕೈಯ ನಾಯಿ

ಕಾವಲು ನಾಯಿ ಪಳಗಿಸುವುದು ನನ್ನ ಕಸುಬು. ಚನ್ನಗಿರಿ ಕಡೆ ಅಡಿಕೆ ಒಣಗಿಸುವ ಕಣಗಳಿಗೆ ಬರುವ ಕಳ್ಳರು ಮಾಂಸದಲ್ಲಿ ವಿಷವಿಟ್ಟು ನಾಯಿಯನ್ನು ಕೊಲ್ಲುತ್ತಾರೆ. ಅದಕ್ಕೇ ಪರರ ಕೈಯ ಅನ್ನಕ್ಕೆ ಬಾಯಿ ಹಾಕಿದರೆ ಮೂತಿಗೆ ಏಟು ಕೊಟ್ಟು ಕಲಿಸುತ್ತೇವೆ. ಆದರೆ ಒಬ್ಬರಿಲ್ಲದಾಗ ಇನ್ನೊಬ್ಬರು ಉಣಿಸಲು ಮನೆಯ ಇಬ್ಬರ ಕೈಯಾದರೂ ಅದಕ್ಕೆ ರೂಢಿಯಾಗಿರಬೇಕು.

ಸೂಳೆಕೆರೆ ಹತ್ತಿರದ ಹಟಮಾರಿ ಯಜಮಾನರೊಬ್ಬರು ಒಪ್ಪಲಿಲ್ಲ. "ನನ್ನ ಕೈ ಒಂದೇ ಸಾಕು. ಅಡಿಕೆ ಕದಿಯೋನು ನನ್ನ ಮಗನೇ," ಎಂದರು. ಹಾಗೆಯೇ ಕಲಿಸಿಕೊಟ್ಟೆ.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಹೋದೆ. ನಾಯಿ ಕಣದ ಮೂಲೆಯಲ್ಲಿ ಎಲುಬಿನ ಗೂಡಾಗಿ ಬಿದ್ದಿತ್ತು. ಮುಂದೆ ತಟ್ಟೆ ತುಂಬ ಹಾಲು ಅನ್ನ. ಜೊಲ್ಲು ಸುರಿಸುತ್ತಲೇ ಮುಖ ತಿರುಗಿಸಿಕೊಂಡಿತ್ತು. ನಾನು ರೊಟ್ಟಿ ಹಿಡಿದರೆ, ಏಟು ಬೀಳುತ್ತದೆಂದು ಕಣ್ಣು ಮುಚ್ಚಿತು.

"ನನ್ ಜತೆ ಕಳಿಸ್ರಿ, ಈ ಪಾಠ ಮರೆಸ್ತೀನಿ," ಎಂದು ಮಗನಿಗೆ ಹೇಳಿದೆ.

"ಯಾಕ್ರಿ? ಮೂರು ಹೊತ್ತೂ ಇಕ್ತೀನಿ. ಅಪ್ಪನ ನಾಯೀನ ಹೆಂಗೆ ನೋಡ್ಕಂತಾನೆ ನೋಡು ಅಂತ ಊರೆಲ್ಲ ಹೊಗಳ್ತೈತೆ," ಎಂದು ನಕ್ಕ ಆ ನೀಚ.

ನಾನು ಬೈಕ್ ಹತ್ತುವಾಗ ಮತ್ತೆ ಕರೆದ. "ಹೊಸ ಮರಿ ತಂದೀನಿ. ಅದಕ್ಕೂ ಹಿಂಗೇ ಕಲಿಸ್ರಿ, ನನ್ನ ಕೈ ಒಂದೇ. ನನಗೂ ಮಗ ಬೆಳೀತಾ ಅದಾನೆ."