ಅನುಮಾನ ಬಂದದ್ದೆಲ್ಲ ಬಲಕ್ಕೆ

"ರತ್ನಕ್ಕಾ, ಟೀ ಬಂತು" ಅಂತ ಎಡಗಡೆಯಿಂದ ಯಾರೋ ಕೂಗಿದರು. ತಿರುಗಲು ಹೋದೆ. ಕುತ್ತಿಗೆ ತಿರುಗಲಿಲ್ಲ.

ಶುರುವಾದದ್ದು ಹಾಗೆ.

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಹದಿನಾರು ವರ್ಷದಿಂದ ನಾನು ಇನ್‌ಸ್ಪೆಕ್ಷನ್ ಟೇಬಲ್ಲಿನವಳು. ಹಿತ್ತಾಳೆಯ ಸಣ್ಣ ಪೀಸುಗಳನ್ನು ಲೆನ್ಸಿನ ಕೆಳಗೆ ಹಿಡಿದು ಗೀರು, ಬಿರುಕು ಹುಡುಕಬೇಕು. ಸರಿಯಿದ್ದರೆ ಎಡಗಡೆ ಟ್ರೇ. ಇಲ್ಲದಿದ್ದರೆ ಬಲಗಡೆ ಕೆಂಪು ಟ್ರೇ. ಅನುಮಾನ ಬಂದರೂ ಬಲಕ್ಕೇ, ಯಾಕೆಂದರೆ ಯೋಚನೆ ಮಾಡುತ್ತಾ ಕೂತರೆ ಲೈನು ನಿಲ್ಲುತ್ತದೆ. ನಾನು ಪಾಸ್ ಮಾಡಿದ್ದು ಒಂದೂ ವಾಪಸ್ ಬಂದದ್ದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ನನಗಿರುವುದು ಅದೊಂದೇ.

ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. "ವಯಸ್ಸಿಗೆ ಸಹಜ" ಅಂದರು ಡಾಕ್ಟರು. ನಲವತ್ತಮೂರಕ್ಕೆ ಸಹಜವಂತೆ! ಕಾಲರ್ ಹಾಕಿಕೊಂಡೆ, ಮಾತ್ರೆ ನುಂಗಿದೆ, ಅತ್ತೆಯಿಂದ ಉಪ್ಪಿನ ಶಾಖ ಕೊಡಿಸಿಕೊಂಡೆ. ಎಂಟು ತಿಂಗಳು ಕಳೆಯಿತು. ತಲೆ ಬಾಚುವುದು, ಪಾತ್ರೆ ತೊಳೆಯುವುದು, ಪಕ್ಕದಲ್ಲಿ ಕೂತವರ ಮಾತಿಗೆ ಹೂಂ ಅನ್ನುವುದು, ಎಲ್ಲಕ್ಕೂ ಸುಸ್ತು. ಎಡಕ್ಕೆ ಯಾರಾದರೂ ಬಂದರೆ ಕುರ್ಚಿ ಸಮೇತ ತಿರುಗುತ್ತಿದ್ದೆ.

ಕೊನೆಗೆ ಸೂಪರ್‌ವೈಸರ್ ಹೇಳಿಯೇಬಿಟ್ಟರು. "ಎರಡು ತಿಂಗಳು ರಜೆ ತಗೊಳ್ಳಿ ಮೇಡಂ. ಆಮೇಲೂ ಹಿಂಗೇ ಇದ್ರೆ ಪ್ಯಾಕಿಂಗ್‌ಗೆ ಹೋಗ್ಬಿಡಿ. ನಿಮ್ಮ ಸೀಟಿಗೆ ಮಂಜುಳಾನ ಹಾಕ್ತೀನಿ."

ನನ್ನ ಸೀಟಿಗೆ.

ನಾಗಸಂದ್ರದ ಕ್ಲಿನಿಕ್ಕಿನಲ್ಲಿ ಸಿಕ್ಕವರು ಫಿಸಿಯೋಥೆರಪಿಸ್ಟ್ ನಜ್ಮಾ ಮೇಡಂ. ಕುತ್ತಿಗೆ ಒತ್ತಲಿಲ್ಲ, ಎಳೆಯಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದರು. ಒಂದೊಂದರಲ್ಲೂ ಯಾರೋ ತಲೆ ತಿರುಗಿಸಿಕೊಂಡಿದ್ದಾರೆ. ಅದು ಅವರ ಎಡಕ್ಕೋ ಬಲಕ್ಕೋ, ತಟ್ಟನೆ ಹೇಳಬೇಕು.

ನನಗೆ ರೇಗಿತು. "ನೋವಿರೋದು ಕುತ್ತಿಗೆಗೆ ಮೇಡಂ. ಎಲ್‌ಕೆಜಿ ಪಾಠ ಯಾಕೆ?"

"ತುಂಬಾ ದಿನ ನೋವಿದ್ರೆ ಆ ಭಾಗ ಎತ್ತ ತಿರುಗುತ್ತೆ ಅನ್ನೋ ಲೆಕ್ಕವೇ ಮಿದುಳಿಗೆ ಮಸುಕಾಗಬಹುದು ಅಕ್ಕಾ. ಮೊದಲು ಅದನ್ನ ಸರಿಮಾಡೋಣ. ನೋವು ಹೋಗೇ ಹೋಗುತ್ತೆ ಅಂತ ಮಾತು ಕೊಡಲ್ಲ."

ಆ ಫೋಟೋಗಳ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಟ್ಟರು, ಮನೆಯಲ್ಲಿ ದಿನಾ ಅಭ್ಯಾಸ. ಅದು ಬೇಜಾರಾದಾಗ ಮದುವೆ ಆಲ್ಬಮ್ ತೆಗೆಯುತ್ತಿದ್ದೆವು. ಧಾರೆಯ ಫೋಟೋಗಳಲ್ಲಿ ಒಬ್ಬರಾದರೂ ಕ್ಯಾಮೆರಾ ನೋಡಿರಲಿಲ್ಲ, ನನಗೆ ಬೇಕಾದದ್ದೂ ಅದೇ. ಪರೀಕ್ಷೆ ಮಾಡುವವರು ಅತ್ತೆ.

"ನಿನ್ ಗಂಡ ಎತ್ತಾಗ್ ತಿರುಗವ್ನೆ ಯೋಳು."

"ಬಲಕ್ಕೆ."

"ಅಯ್ಯೋ, ಊಟದ ಮನೆ ಇದ್ದದ್ದು ಅವ್ನ್ ಎಡಕ್ಕೆ ಕಣೇ! ಅತ್ಲಾಗೇ ನೋಡ್ತಾವ್ನೆ!"

ನಕ್ಕರೂ ಕುತ್ತಿಗೆ ನೋಯುತ್ತಿತ್ತು. ಆದರೂ ನಕ್ಕೆವು.

ಎರಡು ವಾರ ಬಿಟ್ಟು ನಜ್ಮಾ ಮೇಡಂ ಫೋನಿನಲ್ಲಿದ್ದ ನನ್ನ ಉತ್ತರಗಳನ್ನು ನೋಡಿದರು. "ಬಲಕ್ಕೆ ತಿರುಗಿದ್ದು ಒಂದೂ ತಪ್ಪಿಲ್ಲ. ತಪ್ಪಾಗಿರೋದೆಲ್ಲ ಎಡದ್ದೇ. ಗೊತ್ತಾಗದೇ ಇದ್ದಾಗ ಏನ್ ಮಾಡ್ತೀರಿ ಅಕ್ಕಾ?"

"ಬಲಕ್ಕೆ ಹಾಕ್ತೀನಿ" ಅಂದೆ.

ಹೇಳಿದ ಮೇಲೆ ನನಗೇ ಹೊಳೆಯಿತು.

ಜನರ ತಲೆಗಳನ್ನು ಕೆಂಪು ಟ್ರೇಗೆ ಹಾಕುತ್ತಿದ್ದೆ.

ಟ್ರೇ ವಿಷಯ ವಿವರಿಸಿದಾಗ ಅವರು ಜೋರಾಗಿ ನಕ್ಕರು. ನಾನೂ ನಗಲು ಹೋಗಿ ಅತ್ತುಬಿಟ್ಟೆ. ಇಷ್ಟು ದಿನ ಸುಮಾರಾಗಿ ಪಾಸಾಗುತ್ತಿದ್ದೇನೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಎಡಗಡೆ ಅನ್ನುವುದೇ ನನಗೆ ತೋಚುತ್ತಿರಲಿಲ್ಲ, ಹಳೇ ಚಾಳಿ ಅದನ್ನು ಮುಚ್ಚಿಟ್ಟಿತ್ತು.

"ಗೊತ್ತಾಗದಿದ್ರೆ ಗೊತ್ತಿಲ್ಲ ಅನ್ನಿ. ಇಲ್ಲಿ ಯಾವ ಲೈನೂ ನಿಲ್ಲಲ್ಲ" ಅಂದರು.

ಆ ವಾರ ನನ್ನ ಬಾಯಲ್ಲಿ ಬರೀ ಗೊತ್ತಿಲ್ಲ. ಅವಮಾನವಾಗುತ್ತಿತ್ತು. ಫೋನು ಎಸೆದು ಮಲಗಿದ ದಿನಗಳೂ ಇವೆ. ಆಮೇಲಾಮೇಲೆ, ಯಾವಾಗ ಅಂತ ಹೇಳಲಾರೆ, ಫೋಟೋ ನೋಡುತ್ತಿದ್ದಂತೆ ನನ್ನ ಕುತ್ತಿಗೆಯೇ ಒಳಗೊಳಗೆ ಎಡಕ್ಕೆ ಹೊರಳಿದಂತಾಗಿ ಉತ್ತರ ಬರತೊಡಗಿತು. ಅದಾದ ಮೇಲೆ ಕಣ್ಣು ಮುಚ್ಚಿ ತಿರುಗಿದಂತೆ ಊಹಿಸುವುದು. ಕೊನೆಗೆ ನಿಜವಾಗಿ, ಚೂರೇ ಚೂರು ತಿರುಗುವುದು. ಒಂದು ಬೆಳಿಗ್ಗೆ ಎಡಕ್ಕೆ ಕೂತಿದ್ದ ಅತ್ತೆಯ ಮುಖ ಕುರ್ಚಿ ಅಲುಗಿಸದೆ ನೋಡಿದೆ. ಪೂರ್ತಿಯಲ್ಲ, ಅರ್ಧ ಮುಖ.

ಎರಡು ತಿಂಗಳು ಮುಗಿಯಿತು. ನೋವು ಮುಗಿದಿರಲಿಲ್ಲ.

"ಫುಲ್ ಶಿಫ್ಟ್ ಆಗುತ್ತಾ?" ಅಂತ ಕೇಳಿದರು ಸೂಪರ್‌ವೈಸರ್. ಆಗುತ್ತೆ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಇಲ್ಲ ಸಾರ್. ಮೂರು ಗಂಟೆ ಕೂರ್ತೀನಿ. ಆಮೇಲೆ ಪ್ಯಾಕಿಂಗ್‌ಗೆ ಹೋಗ್ತೀನಿ."

ಅವರು ಶಿಫ್ಟ್ ಪಟ್ಟಿ ತೆಗೆದು ನೋಡಿದರು. "ಸರಿ, ನೋಡೋಣ" ಅಂದರು.

ಈಗ ಬೆಳಿಗ್ಗೆ ನಾನು, ಆಮೇಲೆ ಮಂಜುಳಾ. ಅವಳು ಅಲ್ಲಿ ಕೂತದ್ದು ಕಂಡರೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ನನಗಿಂತ ಗಿಡ್ಡ ಅವಳು. ಕುರ್ಚಿ ಎತ್ತರಿಸಿಕೊಂಡು ಕೂರುತ್ತಾಳೆ, ಹಾಗೇ ಬಿಟ್ಟು ಹೋಗುತ್ತಾಳೆ. ದಿನಾ ಬೆಳಿಗ್ಗೆ ಬೈದುಕೊಂಡು ಅದನ್ನು ನನ್ನ ಅಳತೆಗೆ ಇಳಿಸಿಕೊಳ್ಳುತ್ತೇನೆ. ಮೂರು ಗಂಟೆ ಆ ಕುರ್ಚಿ ನನ್ನದು.